ರೋಡ್‌ಕಿಂಗ್‌ಗೆ ಯಾವ ಕಾರ್ಬು ಹಾಕೋದು? 28 ಎಂಎಂ ಸಾಕಾ, 34ಕ್ಕೆ ಹೋಗ್ಲಾ?

ಮಂಡ್ಯ ರೋಡ್‌ಕಿಂಗ್:
ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಪೂರ್ತಿ ಬಿಚ್ಚಿಸಿ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದೀನಿ. ಕ್ರ್ಯಾಂಕ್ ರಾಡ್, ಬೇರಿಂಗ್, ಸೀಲು ಎಲ್ಲಾ ಹೊಸದು. ಈಗ ಕಾರ್ಬುರೇಟರ್ ಹತ್ರ ಬಂದು ನಿಂತಿದ್ದೀನಿ. ಹಳೇ ಜಿಕೋವ್ ಕಾರ್ಬು ಬಾಡಿ ಸವೆದುಹೋಗಿದೆ, ಸ್ಲೈಡ್ (ರೇಸ್ ಕೊಟ್ಟಾಗ ಒಳಗೆ ಮೇಲೇಳೋ ತುಂಡು) ಹಿಡಿದು ಅಲ್ಲಾಡಿಸಿದ್ರೆ ಟಕಟಕ ಅನ್ನುತ್ತೆ. ಐಡ್ಲಿಂಗ್ ನಿಲ್ಲೋದೇ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ರೇಸ್ ಹಿಡಿದೇ ಇರಬೇಕು, ಬಿಟ್ರೆ ಆಫ್.

ಮುಂದೆ ಮೂರು ದಾರಿ ಇದೆ. ಒಂದು, ಜಿಕೋವ್‌ಗೇ ಹೊಸ ಸ್ಲೈಡ್ ಹಾಕಿಸೋದು. ಎರಡು, ಮಿಕುನಿ ವಿಎಂ 28. ಮೂರು, ಎಲ್ಲರೂ ಯಮಹಾ ಆರ್‌ಎಕ್ಸ್‌ಗೆ ಹಾಕ್ತಾರಲ್ಲ ಆ ಪಿಡಬ್ಲ್ಯೂಕೆ ಮಾದರಿ 34. ಸ್ನೇಹಿತರೆಲ್ಲಾ 34 ಅಂತಾರೆ. ನನ್ನ ಓಡಾಟ ಹೇಳ್ಬಿಡ್ತೀನಿ: ದಿನಾ ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಟೂ ವೀಲರ್ ಬಿಡಲ್ಲವಲ್ಲ, ಹಾಗಾಗಿ ಸರ್ವಿಸ್ ರೋಡೇ ಗತಿ. ಹಂಪು, ಕಬ್ಬಿನ ಟ್ರ್ಯಾಕ್ಟರು, ಊರೊಳಗಿನ ತಿರುವು. ಭಾನುವಾರ ಮೇಲುಕೋಟೆ ಕಡೆ ಒಂದು ರೌಂಡು. ಸದ್ಯದಲ್ಲೇ ಊಟಿಗೆ ಹೋಗೋ ಆಸೆಯೂ ಇದೆ. ತಿಳಿದವರು ಹೇಳಿ.

ಬೋಗಾದಿ ಹುಡುಗ:
34 ಹಾಕು ಮಗಾ, ಯೋಚನೆ ಮಾಡ್ಬೇಡ. 250 ಸಿಸಿ ಎಂಜಿನ್ನು, ಉಸಿರಾಡೋಕೆ ಬಿಡು ಅದನ್ನ. ಗಾಳಿ ಜಾಸ್ತಿ ಹೋದಷ್ಟೂ ಪವರ್ ಜಾಸ್ತಿ.

ಹಳೇ ಮೆಕ್ಯಾನಿಕ್:
ನೋಡಪ್ಪ, ನಾನು ಯಾದವಗಿರಿಯಲ್ಲಿ ಕಾರ್ಖಾನೆ ಸೈರನ್ ಕೇಳಿಕೊಂಡು ಬೆಳೆದವನು. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಎಲ್ಲಾ ಅಲ್ಲಿಂದಲೇ ಹೊರಗೆ ಬಂದದ್ದು. ಈ ಗಾಡಿಗಳ ಕಾರ್ಬುರೇಟರ್ ಬಿಚ್ಚಿ ಜೋಡಿಸಿಯೇ ನನ್ನ ಹೊಟ್ಟೆಪಾಡು ನಡೆದಿದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಜಿಕೋವ್ ಮೇಲಿನ ನಂಬರ್ ನೋಡಿ. 2926 ಅಂತಿದ್ದರೆ ಬಾಯಿ 26 ಎಂಎಂ, 2928 ಅಂತಿದ್ದರೆ 28. ರೋಡ್‌ಕಿಂಗ್‌ಗೆ ಬಂದದ್ದು 28. ಇದು ಉದ್ದ ಸ್ಟ್ರೋಕ್ ಎಂಜಿನ್, ಬೋರ್ 65, ಸ್ಟ್ರೋಕ್ 75. 16 ಬಿಎಚ್‌ಪಿ ಪೂರ್ತಿ 5000 ಆರ್‌ಪಿಎಂ ಒಳಗೇ ಸಿಕ್ಕಿಬಿಡುತ್ತೆ. ಇದು ಆರ್‌ಎಕ್ಸ್ ಥರ ಚೀರಿಕೊಂಡು ಓಡೋ ಗಾಡಿ ಅಲ್ಲ, ಕೆಳಗಿನಿಂದಲೇ ಎಳೆಯೋ ಗಾಡಿ. ಗಾಳಿ ವಾಪಸ್ ಹೋಗದ ಹಾಗೆ ತಡೆಯೋ ರೀಡ್ ವಾಲ್ವ್ ಇಲ್ಲ. ಪಿಸ್ಟನ್ನಿನ ಅಂಚೇ ಪೋರ್ಟ್ (ಸಿಲಿಂಡರಿನ ಕಿಂಡಿ) ತೆಗೆದು ಮುಚ್ಚುತ್ತೆ. ನಿಧಾನಕ್ಕೆ ಹೋಗುವಾಗ ಎಳೆದ ಗಾಳಿಯಲ್ಲಿ ಸ್ವಲ್ಪ ಕಾರ್ಬು ಕಡೆಗೇ ವಾಪಸ್ ಉಗುಳುತ್ತೆ. ಏರ್ ಫಿಲ್ಟರ್ ತೆಗೆದು ಸ್ಟಾರ್ಟ್ ಮಾಡಿ ನೋಡಿ, ಬಾಯಿಂದ ಪೆಟ್ರೋಲ್ ಮಂಜು ಹಿಂದಕ್ಕೆ ಬರೋದು ಕಣ್ಣಿಗೇ ಕಾಣುತ್ತೆ. ಇಂಥ ಎಂಜಿನ್‌ಗೆ ಬಾಯಿ ದೊಡ್ಡದು ಮಾಡಿದಷ್ಟೂ ಕೆಳಗಿನ ಎಳೆತ ಹೋಗುತ್ತೆ.

ನೀವು ಸರ್ವಿಸ್ ರೋಡಲ್ಲಿ ಓಡಾಡೋರು. ಇಡೀ ದಿನ ನಿಮ್ಮ ಕೈ ಕಾಲು ಭಾಗದಿಂದ ಅರ್ಧದವರೆಗಿನ ಥ್ರಾಟಲ್‌ನಲ್ಲೇ ಇರುತ್ತೆ. ಅಲ್ಲಿ ಯಾವ ಕಾರ್ಬು ಚೆನ್ನಾಗಿ ನಡೆಯುತ್ತೋ ಅದೇ ನಿಮ್ಮದು. ಫುಲ್ ಥ್ರಾಟಲ್ ಲೆಕ್ಕ ಹಿಡಿದುಕೊಂಡು ಕಾರ್ಬು ಆರಿಸಿದರೆ, ವಾರಕ್ಕೆ ಐದು ನಿಮಿಷದ ಖುಷಿಗೆ ದಿನಾ ಒದ್ದಾಡಬೇಕಾಗುತ್ತೆ. ವಿಎಂ 28 ಹಾಕಿ.

ಲೆಕ್ಕದ ಮನುಷ್ಯ:
ಸಾರ್ ಹೇಳಿದ್ದಕ್ಕೆ ನಾನು ಒಂದು ಲೆಕ್ಕ ಸೇರಿಸ್ತೀನಿ. ಎಂಜಿನ್ 248.5 ಸಿಸಿ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಸಲ ಗಾಳಿ ಎಳೆಯುತ್ತೆ. 5000 ಆರ್‌ಪಿಎಂನಲ್ಲಿ ಸಿಲಿಂಡರ್ ಪೂರ್ತಿ ತುಂಬುತ್ತೆ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 1240 ಲೀಟರ್, ಅಂದ್ರೆ ಸೆಕೆಂಡಿಗೆ ಸುಮಾರು 20.7 ಲೀಟರ್. ಈ ಗಾಳಿ 28 ಎಂಎಂ ಬಾಯಿಯಲ್ಲಿ ಸರಾಸರಿ ಸೆಕೆಂಡಿಗೆ 33-34 ಮೀಟರ್ ವೇಗದಲ್ಲಿ ಹೋಗುತ್ತೆ. 34 ಎಂಎಂ ಆದರೆ 23 ಮೀಟರ್‌ಗೂ ಕಮ್ಮಿ. ಅರ್ಧ ಆರ್‌ಪಿಎಂಗೆ ಇಳಿದರೆ ಎರಡೂ ಅರ್ಧ ಆಗುತ್ತೆ, 28ರಲ್ಲಿ ಸುಮಾರು 17, 34ರಲ್ಲಿ 11 ಚಿಲ್ಲರೆ.

ಪೆಟ್ರೋಲನ್ನ ಜೆಟ್ಟಿನಿಂದ, ಅಂದ್ರೆ ಅಳತೆಯ ಸಣ್ಣ ತೂತಿನಿಂದ, ಮೇಲಕ್ಕೆ ಎಳೆಯೋದು ಗಾಳಿಯ ವೇಗವಲ್ಲ, ಆ ವೇಗದಿಂದ ಬೀಳೋ ಒತ್ತಡ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬೀಳುತ್ತೆ. ಅಂದ್ರೆ ಒಂದೇ ಆರ್‌ಪಿಎಂನಲ್ಲಿ 34ರ ಎಳೆತ 28ರ ಎಳೆತದ ಅರ್ಧಕ್ಕಿಂತಲೂ ಕಮ್ಮಿ, ಶೇ. 46. ನಿಧಾನಕ್ಕೆ ಹೋಗ್ತಾ ಗಕ್ಕನೆ ರೇಸ್ ಕೊಟ್ಟರೆ ಗಾಳಿ ನುಗ್ಗುತ್ತೆ, ಪೆಟ್ರೋಲ್ ಹಿಂದೆ ಉಳಿಯುತ್ತೆ. "ಬ್ವಾ..." ಅಂತ ತಡೆದು ಆಮೇಲೆ ಏಳುತ್ತೆ. ಎಷ್ಟೋ ಜನ ಅದನ್ನ ಮುಚ್ಚೋಕೆ ಜೆಟ್ ದೊಡ್ಡದು ಹಾಕ್ತಾ ಹೋಗ್ತಾರೆ. ಕೊನೆಗೆ ಮೈಲೇಜ್ ಇಲ್ಲ, ಪ್ಲಗ್ ಕಪ್ಪು, ಸೈಲೆನ್ಸರ್ ತುಂಬಾ ಮಸಿ.

ಟ್ವಿನ್‌ಪೈಪ್ ಮೈಸೂರು:
ಲೆಕ್ಕ ಸರಿ. ಆದರೆ ಎಲ್ಲರಿಗೂ 28 ಅಂತ ಮುದ್ರೆ ಒತ್ತಬೇಡಿ. ನನ್ನ ಗಾಡಿಯಲ್ಲಿ 32 ಇದೆ, ಅದ್ಭುತವಾಗಿ ಹೋಗುತ್ತೆ. ಮೂರನೇ ಗೇರಲ್ಲಿ ಮೊದಲು ಉಸಿರು ಕಟ್ಟುತ್ತಿದ್ದ ಜಾಗದಲ್ಲಿ ಈಗ ಇನ್ನೂ ಎಳೀತಾ ಇರುತ್ತೆ. ಸ್ಟಾಕ್ ಕಾರ್ಬುವಿನಲ್ಲಿ ಅದು ಸಾಧ್ಯವೇ ಇರಲಿಲ್ಲ.

ಹಳೇ ಮೆಕ್ಯಾನಿಕ್:
ಪೋರ್ಟ್ ಕೆಲಸ ಮಾಡಿಸಿದ್ದೀರಾ?

ಟ್ವಿನ್‌ಪೈಪ್ ಮೈಸೂರು:
ಹೌದು ಸಾರ್. ಇನ್‌ಲೆಟ್ ಅಗಲ ಮಾಡಿಸಿ, ಎಕ್ಸಾಸ್ಟ್ ಪೋರ್ಟ್ ಎತ್ತರಿಸಿ, ಪೈಪೂ ಬೇರೆ ಕಟ್ಟಿಸಿದ್ದೀನಿ. ದಿನಾ ಓಡಿಸೋ ಗಾಡಿ ಅಲ್ಲ, ಡ್ರ್ಯಾಗ್ ರೇಸಿಗೆ ಅಂತಲೇ ಮಾಡಿದ್ದು.

ಹಳೇ ಮೆಕ್ಯಾನಿಕ್:
ಹಾಗಾದರೆ ನಿಮ್ಮ 32 ಸರಿಯಾಗಿಯೇ ಇದೆ. ಪೋರ್ಟು, ಪೈಪು ಮೊದಲು ಬದಲಾಯಿತು, ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಜಾಸ್ತಿ ಗಾಳಿ ಕೇಳೋಕೆ ಶುರುಮಾಡಿತು, ಅದಕ್ಕೆ ಕಾರ್ಬು ಬಂತು. ಪ್ರಶ್ನೆ ಕೇಳಿದ ಹುಡುಗನ ಸಿಲಿಂಡರ್ ಕಂಪನಿ ಪೋರ್ಟಿಂದು. ಇನ್‌ಲೆಟ್ ದಾರಿಯೇ 28ರ ಲೆಕ್ಕದಲ್ಲಿರುವಾಗ ಹಿಂದೆ 34 ತೂಗುಹಾಕಿದರೆ ಜೋಡಣೆ ಹತ್ತಿರ ಒಂದು ಮೆಟ್ಟಿಲು ಆಗುತ್ತೆ. ಪೆಟ್ರೋಲ್ ಆ ಮೆಟ್ಟಿಲಿಗೆ ಬಡಿದು ಹನಿಯಾಗಿ ಕೆಳಗೆ ಕೂರುತ್ತೆ.

ಡೆಟ್ರಾಯ್ಟಿನ ಮಂಡ್ಯದವ:
ಅಣ್ಣಂದಿರಾ, ಈ ಮಾತು ಓದಿ ಬರೀಲೇಬೇಕು ಅನಿಸ್ತು. ಊರು ಮಂಡ್ಯ, ಕೆಲಸ ಇಲ್ಲಿ ಮಿಷಿಗನ್‌ನಲ್ಲಿ. ಪಕ್ಕದ ಮನೆಯವರು ಹಳೇ ಶೆವರ್ಲೆಗೆ 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್ ಹಾಕಿ ಹಾಟ್ ರಾಡ್ (ಜೋರಾಗಿ ಓಡೋಕೆ ಬದಲಾಯಿಸಿದ ಕಾರು) ಕಟ್ಟುತ್ತಿದ್ದಾರೆ, ಶನಿವಾರ ಬಂದ್ರೆ ನಾನೂ ಅವರ ಗ್ಯಾರೇಜಲ್ಲೇ ಇರ್ತೀನಿ. ಅವರ ಮುಂದಿರೋದೂ ಇದೇ ಪ್ರಶ್ನೆ, ಎಂಜಿನ್ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಪಟ್ಟು ದೊಡ್ಡದು.

ಅವರು ಹಾಕ್ತಾ ಇರೋದು ಟನಲ್ ರ‍್ಯಾಮ್ ಅನ್ನೋ ಇನ್‌ಟೇಕ್. ಎಂಜಿನ್ ನೆತ್ತಿಯ ಮೇಲೆ ಎತ್ತರಕ್ಕೆ ಒಂದು ದೊಡ್ಡ ಡಬ್ಬಿ, ಅದರಿಂದ ಎಂಟು ಸಿಲಿಂಡರಿಗೂ ನೇರವಾಗಿ ಇಳಿಯೋ ಉದ್ದ ಕೊಳವೆಗಳು, ಡಬ್ಬಿ ಮೇಲೆ ನಾಲ್ಕು ಬಾಯಿಯ ಎರಡು ಕಾರ್ಬುಗಳು. ಬಾನೆಟ್ ಕೊರೆದು ಹೊರಗೆ ನಿಲ್ಲುತ್ತೆ, ನೋಡೋಕೆ ಎರಡು ಕಣ್ಣು ಸಾಲದು. ಆದರೆ ಅದು ಹುಟ್ಟಿದ್ದು ಡ್ರ್ಯಾಗ್ ರೇಸಿಗೆ, ಮೇಲಿನ ಆರ್‌ಪಿಎಂಗೆ. ಬೀದಿಯಲ್ಲಿ ಓಡಿಸಬೇಕಾದರೆ ಪೂರ್ತಿ ಆಟ ಇರೋದು ಕಾರ್ಬು ಆಯ್ಕೆಯಲ್ಲೇ.

ಇಲ್ಲಿನವರ ಲೆಕ್ಕ ಹೀಗೆ: ಕ್ಯೂಬಿಕ್ ಇಂಚನ್ನ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕು ಅಂತ ಸಿಗುತ್ತೆ. 350 ಇಂಚು, 6000 ಆರ್‌ಪಿಎಂ ಅಂದ್ರೆ ಸುಮಾರು 608. ಸಿಲಿಂಡರ್ ಪೂರ್ತಿ ತುಂಬಲ್ಲ ಅಂತ ಕಳೆದರೆ ಇನ್ನೂ ಕಮ್ಮಿ. ಜನ ಏನು ಮಾಡ್ತಾರೆ, 600 ಘನ ಅಡಿಯ ಎರಡು ಕಾರ್ಬು ತಂದು 1200 ಕೂರಿಸ್ತಾರೆ. ಐಡ್ಲಿಂಗ್‌ನಲ್ಲಿ ಆ ದೊಡ್ಡ ಡಬ್ಬಿಯೊಳಗೆ ಗಾಳಿಗೆ ವೇಗವೇ ಇರಲ್ಲ. ಪೆಟ್ರೋಲ್ ಮಂಜು ಹನಿಯಾಗಿ ತಳದಲ್ಲಿ ನಿಂತುಬಿಡುತ್ತೆ. ನಮ್ಮ ನೆರೆಯವರು ತಂದಿರೋದು 450ರ ಜೋಡಿ. ಎರಡೂ ಒಟ್ಟಿಗೆ ತೆರೆಯೋ ಹಾಗೆ ಒಂದಕ್ಕೊಂದು ಲಿಂಕ್ ಕಟ್ಟಿದ್ದಾರೆ. ಒಂದು ಮೊದಲು, ಇನ್ನೊಂದು ಆಮೇಲೆ ತೆರೆದರೆ ಹತ್ತಿರದ ಸಿಲಿಂಡರಿಗೆ ಜಾಸ್ತಿ, ದೂರದ್ದಕ್ಕೆ ಕಮ್ಮಿ ಆಗುತ್ತೆ ಅಂತ. ಕಾರ್ಬು ಒಳಗೆ ಜೋರಾಗಿ ಎಳೆದಾಗ ಜಾಸ್ತಿ ಪೆಟ್ರೋಲ್ ಬಿಡೋ ಪವರ್ ವಾಲ್ವೂ ಬದಲಾಯಿಸಿದರು. ದೊಡ್ಡ ಕ್ಯಾಮ್ ಇರೋ ಎಂಜಿನ್‌ನಲ್ಲಿ ಐಡ್ಲಿಂಗ್ ವ್ಯಾಕ್ಯೂಮ್ ಕಮ್ಮಿ. ಅದು ಪಾದರಸದ 10 ಇಂಚು ಇದ್ದರೆ ಅದರ ಅರ್ಧದ ಹತ್ತಿರ ತೆರೆಯೋ ವಾಲ್ವ್ ಬೇಕು, ಇಲ್ಲದಿದ್ದರೆ ನಿಂತಲ್ಲೇ ತೆರೆದುಕೊಂಡು ಪೆಟ್ರೋಲ್ ಸುರಿಯುತ್ತೆ. ವಿ8ಗೇ 450ರ ಜೋಡಿ ಸಾಕು ಅಂತ ಅವರು ಕೂತು ಲೆಕ್ಕ ಹಾಕೋದು ನೋಡಿದ ಮೇಲೆ, ನಮ್ಮ ರೋಡ್‌ಕಿಂಗ್‌ಗೆ 34 ಅಂದ್ರೆ ನನಗೆ ಒಪ್ಪಿಗೆ ಆಗಲ್ಲ.

ಬೋಗಾದಿ ಹುಡುಗ:
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹಾಗಾದ್ರೆ ಯೆಜ್ಡಿ 350 ಟ್ವಿನ್‌ಗೆ ಎರಡು ಕಾರ್ಬು ಹಾಕಬಹುದಾ? ಚಿಕ್ಕಪ್ಪನ ಹತ್ರ ಒಂದಿದೆ.

ಹಳೇ ಮೆಕ್ಯಾನಿಕ್:
ಟ್ವಿನ್‌ನಲ್ಲಿ ಎರಡು ಸಿಲಿಂಡರಿಗೂ ಒಂದೇ ಕಾರ್ಬು ಕೊಟ್ಟಿದ್ದಾರೆ. ಅದು ಸರಿಯಾಗಿದ್ದರೆ ಹಾಗೇ ಇರಲಿ. ಎರಡು ಹಾಕಿದರೆ ಎರಡರ ಸ್ಲೈಡೂ ಒಂದೇ ಕ್ಷಣಕ್ಕೆ ಏಳಬೇಕು, ಕೇಬಲ್ ಒಂದು ಎಳೆ ಹಿಗ್ಗಿದರೂ ಮತ್ತೆ ಹೊಂದಿಸಬೇಕು. ರಾಜ್‌ದೂತ್ 350 ಇಟ್ಟುಕೊಂಡವರನ್ನ ಕೇಳಿ, ಅದಕ್ಕೆ ಹುಟ್ಟಿನಿಂದಲೇ ಎರಡು.

ಮದ್ದೂರ್ ಹೈದ:
ಅಣ್ಣೋ, ಕಾರ್ಬು ಕೊಳ್ಳೋಕ್ ಮುಂಚೆ ಒಂದ್ ಕೆಲ್ಸ ಮಾಡ್ಬುಡಿ. ಐಡ್ಲಿಂಗ್ ನಿಲ್ಲಾಕಿಲ್ಲ ಅಂದ್ರಲ್ಲ, ಅದು ಬರೀ ಸ್ಲೈಡಿಂದ್ಲೇ ಅಂತ ಹೆಂಗೇಳ್ತೀರಿ? ನಮ್ಮೂರಲ್ ಒಬ್ರು ಕಾರ್ಬು ಮೇಲ್ ಕಾರ್ಬು ಬದ್ಲಾಯಿಸ್ತಾನೇ ಇದ್ರು, ಒಂದೂ ಸೆಟ್ ಆಗ್ನಿಲ್ಲ. ಕೊನೀಗ್ ನೋಡುದ್ರೆ ಡೈನಮೋ ಕಡೆ ಕ್ರ್ಯಾಂಕ್ ಸೀಲು ಗಾಳಿ ಎಳೀತಿತ್ತು. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಪಂಪು ಕಣಣ್ಣ. ಅಲ್ಲಿ ಗಾಳಿ ಒಳೀಕ್ ನುಗ್ಗುದ್ರೆ ಯಾವ್ ಕಾರ್ಬು ಹಾಕುದ್ರೂ ಲೀನೇ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ.

ಕ್ಲಚ್ ಕಡೆ ಸೀಲ್ ಹೋದ್ರೆ ಬ್ಯಾರೆ ಥರ. ಅಲ್ಲಿಂದ ಆಯಿಲ್ ಎಳ್ಕಂಡು ಸುಡ್ತದೆ, ಬಿಳಿ ಹೊಗೆ ನಿಲ್ಲಾಕಿಲ್ಲ, ಗೇರ್ ಆಯಿಲ್ ಕಮ್ಮಿಯಾಯ್ತಾ ಬತ್ತದೆ. ನಿಮ್ದು ಸೀಲ್ ಹೊಸಾದು ಅಂದ್ರಿ, ಸರಿ. ಆದ್ರೂ ಇನ್‌ಲೆಟ್ ಪ್ಯಾಕಿಂಗ್ ಹತ್ರ, ಸಿಲಿಂಡರ್ ಬುಡದತ್ರ ಕಾರ್ಬು ಕ್ಲೀನರ್ ಸ್ಪ್ರೇ ಒಸಿ ಹೊಡುದ್ ನೋಡಿ. ಎಂಜಿನ್ ಸದ್ದು ಬದ್ಲಾದ್ರೆ ಅಲ್ಲೇ ಗಾಳಿ ಎಳೀತೈತೆ ಅಂತ ಅರ್ಥ. ಸೈಲೆನ್ಸರ್ ಬಿಸಿ ಆಗೋಕ್ ಮುಂಚೆ ಮಾಡಿ, ಬೆಂಕಿ ಹುಷಾರು.

ಲೆಕ್ಕದ ಮನುಷ್ಯ:
ಇದು ತುಂಬಾ ಮುಖ್ಯವಾದ ಮಾತು. ಇನ್ನೊಂದು ಸೇರಿಸ್ಕೊಳ್ಳಿ, ಪೆಟ್ರೋಲೇ ಬದಲಾಗಿದೆ. ಈಗ ಬಂಕ್‌ನಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಬರೀ ಪೆಟ್ರೋಲ್ ಆದರೆ 1 ಕೆಜಿಗೆ 14.7 ಕೆಜಿ ಗಾಳಿ ಲೆಕ್ಕ. ಎಥನಾಲ್‌ಗೆ 9 ಸಾಕು. ಇ20ಗೆ ಹತ್ತಿರ ಹತ್ತಿರ 13.5. ಅಂದ್ರೆ ಅದೇ ಗಾಳಿಗೆ ಶೇ. 8ರಷ್ಟು ಇಂಧನ ಜಾಸ್ತಿ ಬೇಕು. ಹಳೇ ಜೆಟ್ಟನ್ನೇ ಇಟ್ಟುಕೊಂಡರೆ ಏನೂ ಮುಟ್ಟದೆಯೇ ಗಾಡಿ ಲೀನ್ ಆಗಿರುತ್ತೆ. ಜೆಟ್ಟಿನ ತೂತಿನ ವ್ಯಾಸ ಶೇ. 4 ದೊಡ್ಡದಾದರೆ ಹರಿವು ಶೇ. 8 ಹೆಚ್ಚುತ್ತೆ. 1 ಎಂಎಂ ತೂತಿದ್ದ ಜಾಗಕ್ಕೆ 1.04 ಅಂದುಕೊಳ್ಳಿ.

ಟೂ ಸ್ಟ್ರೋಕ್‌ಗೆ ಲೀನ್ ಅಂದ್ರೆ ಎರಡು ಪೆಟ್ಟು. ಶಾಖ ಏರುತ್ತೆ, ಆಯಿಲ್ ಪೆಟ್ರೋಲ್ ಜೊತೆಗೇ ಬರೋದರಿಂದ ಆಯಿಲೂ ಕಮ್ಮಿ ಆಗುತ್ತೆ. ಸುರಕ್ಷಿತವಾಗಿರಲಿ ಅಂತ 2ಟಿ ಆಯಿಲ್ ಯದ್ವಾತದ್ವಾ ಸುರಿಯೋದೂ ತಪ್ಪು. ಅಷ್ಟು ಜಾಗದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಮಿಶ್ರಣ ಇನ್ನೂ ಲೀನ್ ಆಗುತ್ತೆ. ಜೊತೆಗೆ ಎಥನಾಲ್ ಗಾಳಿಯ ನೀರು ಹೀರುತ್ತೆ. ಗಾಡಿ ವಾರಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಫ್ಲೋಟ್ ಬಟ್ಟಲು ಖಾಲಿಯಾಗೋವರೆಗೂ ಓಡಿಸಿ ನಿಲ್ಲಿಸಿ.

ಮಂಡ್ಯ ರೋಡ್‌ಕಿಂಗ್:
ಎಲ್ಲರಿಗೂ ಕೈಮುಗಿದೆ. ಮದ್ದೂರಿನ ಅಣ್ಣ ಹೇಳಿದ ಹಾಗೆ ಸ್ಪ್ರೇ ಹೊಡೆದು ನೋಡಿದೆ. ಸಿಲಿಂಡರ್ ಬುಡ ಸರಿ ಇದೆ. ಇನ್‌ಲೆಟ್ ಪ್ಯಾಕಿಂಗ್ ಹತ್ರ ಹೊಡೆದ ತಕ್ಷಣ ಐಡ್ಲಿಂಗ್ ಏರಿಳಿತ ಆಯ್ತು. ಬಿಚ್ಚಿ ಗಾಜಿನ ಮೇಲೆ ಇಟ್ಟು ನೋಡಿದ್ರೆ ಫ್ಲಾಂಜ್ (ಬೋಲ್ಟ್ ಹಾಕಿ ಕೂರಿಸೋ ಅಂಚು) ಮುಖ ಸೊಟ್ಟಗಿದೆ, ಎರಡು ಬೋಲ್ಟ್ ನಡುವೆ ಬೆಳಕು ಕಾಣುತ್ತೆ. ಸಪಾಟಾದ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿ ಹೊಸ ಪ್ಯಾಕಿಂಗ್ ಕೂರಿಸಿದೆ. ಅರ್ಧ ತೊಂದರೆ ಅಲ್ಲೇ ಹೋಯ್ತು. ಸ್ಲೈಡ್ ಸವೆದಿರೋದಂತೂ ನಿಜ, ಹಾಗಾಗಿ ವಿಎಂ 28 ತರ್ತಾ ಇದ್ದೀನಿ. ನಕಲಿ ಮಾಲು ಗುರುತು ಹಿಡಿಯೋದು ಹೇಗೆ? ಕೂರಿಸಿದ ಮೇಲೆ ಎಲ್ಲಿಂದ ಶುರು ಮಾಡ್ಲಿ?

ಹಳೇ ಮೆಕ್ಯಾನಿಕ್:
ಫ್ಲಾಂಜ್ ಸರಿ ಮಾಡಿದ್ದು ಬಹಳ ಒಳ್ಳೇದಾಯ್ತು. ಬೋಲ್ಟನ್ನ ಜೀವ ಬಿಟ್ಟು ಬಿಗಿ ಮಾಡಬೇಡಿ, ಮತ್ತೆ ಸೊಟ್ಟಗಾಗೋದು ಅದರಿಂದಲೇ.

ಅಸಲಿ ನಕಲಿ ಬಗ್ಗೆ: ಬಾಡಿ ಮೇಲಿನ ಅಚ್ಚು ನೋಡಿ ನಂಬಬೇಡಿ. ಸ್ಲೈಡ್ ಒಳಗೆ ಬಿಟ್ಟು ನೋಡಿ. ತನ್ನ ತೂಕಕ್ಕೇ ಜಾರಿ ಇಳಿಯಬೇಕು, ಅಲ್ಲಾಡಿಸಿದರೆ ಸದ್ದು ಬರಬಾರದು. ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ, ತೂತು ದುಂಡಗೆ, ಅಂಚು ಚೊಕ್ಕವಾಗಿರಬೇಕು. ಕೆಲವು ನಕಲಿ ಜೆಟ್‌ಗಳಲ್ಲಿ ಮೇಲೆ ಬರೆದ ನಂಬರಿಗೂ ಒಳಗಿನ ತೂತಿಗೂ ಸಂಬಂಧವೇ ಇರಲ್ಲ. ಜೆಟ್ ಬದಲಾಯಿಸ್ತಾ ಹೋದರೂ ಗಾಡಿ ಬದಲಾಗದಿದ್ದರೆ ಇದೇ ಕಾರಣ.

ಟ್ಯೂನಿಂಗ್ ಕ್ರಮ ಕೇಳಿದ್ದೀರಿ. ಮೊದಲು ಫ್ಲೋಟ್ ಲೆವೆಲ್, ಅಂದ್ರೆ ಕಾರ್ಬು ಬಟ್ಟಲಲ್ಲಿ ಪೆಟ್ರೋಲ್ ನಿಲ್ಲೋ ಮಟ್ಟ. ಅದು ತಪ್ಪಿದ್ದರೆ ಮಿಕ್ಕಿದ್ದೆಲ್ಲಾ ತಪ್ಪು. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಏರ್ ಸ್ಕ್ರೂ ಪೂರ್ತಿ ಒಳಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬನ್ನಿ. ವಿಎಂನಲ್ಲಿ ಆ ಸ್ಕ್ರೂ ಹಿಡಿತ ಇಟ್ಟಿರೋದು ಗಾಳಿ ಮೇಲೆ. ಒಳಗೆ ತಿರುಗಿಸಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಹೊರಗೆ ತಿರುಗಿಸಿದರೆ ಲೀನ್. ಐಡ್ಲಿಂಗ್ ಅತಿ ಹೆಚ್ಚು ಏರೋ ಜಾಗ ಹುಡುಕಿ. ಅದು ಅರ್ಧ ಸುತ್ತಿನ ಒಳಗೇ ಸಿಕ್ಕಿದರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡೋದು) ಚಿಕ್ಕದು, ಎರಡೂವರೆ ದಾಟಿದರೂ ಸಿಗದಿದ್ದರೆ ಪೈಲಟ್ ದೊಡ್ಡದು.

ಕಾಲು ಥ್ರಾಟಲ್‌ವರೆಗೆ ಪೈಲಟ್ಟು, ಸ್ಲೈಡಿನ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲುವರೆಗೆ ಸ್ಲೈಡಿಗೆ ಸಿಕ್ಕಿಸಿದ ನೀಡಲ್ (ಸೂಜಿ). ಮುಕ್ಕಾಲಿನ ಮೇಲೆ ಮೇನ್ ಜೆಟ್. ಥ್ರಾಟಲ್ ಗ್ರಿಪ್ ಮೇಲೆ ಬಿಳಿ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ಎಲ್ಲಿ ತೊಡಕು ಅಂತ ಕಿವಿಯ ಜೊತೆ ಕಣ್ಣಿಗೂ ಗೊತ್ತಾಗುತ್ತೆ. ಮೇನ್ ಜೆಟ್ ದೊಡ್ಡದರಿಂದಲೇ ಶುರು ಮಾಡಿ ಕೆಳಗೆ ಬನ್ನಿ, ಚಿಕ್ಕದರಿಂದ ಮೇಲಕ್ಕೆ ಹೋಗಬೇಡಿ. ದೊಡ್ಡದಿದ್ದರೆ ಫುಲ್ ಥ್ರಾಟಲ್‌ನಲ್ಲಿ ಬಡಬಡ ಅಂತ ಒಡೆದು ಓಡುತ್ತೆ, ಅಷ್ಟೇ. ಚಿಕ್ಕದಿದ್ದರೆ ಹೊಸ ಪಿಸ್ಟನ್ ಸೀಜ್ ಆಗುತ್ತೆ.

ರನ್ನಿಂಗ್ ಇನ್ (ಹೊಸ ಪಿಸ್ಟನ್ ಹೊಂದಿಕೊಳ್ಳೋವರೆಗೆ ನಿಧಾನಕ್ಕೆ ಓಡಿಸೋದು) ಮುಗಿದ ಮೇಲೆ ಬೆಳಗಿನ ಜಾವ ಖಾಲಿ ರಸ್ತೆ ನೋಡಿಕೊಂಡು ಹೊಸ ಪ್ಲಗ್ ಹಾಕಿ, ಮೂರನೇ ಗೇರಲ್ಲಿ ಸ್ವಲ್ಪ ದೂರ ಪೂರ್ತಿ ಎಳೆದು, ಕ್ಲಚ್ ಹಿಡಿದು, ಅದೇ ಕ್ಷಣಕ್ಕೆ ಎಂಜಿನ್ ಆಫ್ ಮಾಡಿ. ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಿ, ಜೆಟ್ ದೊಡ್ಡದು ಹಾಕದೆ ಮನೆಗೂ ಜೋರಾಗಿ ಓಡಿಸಬೇಡಿ.

ಟ್ವಿನ್‌ಪೈಪ್ ಮೈಸೂರು:
ಎರಡೂ ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸೋ ಕೊಳವೆ) ಎಳೆದು ಕ್ಲೀನ್ ಮಾಡಿದ್ದೀರಾ? ಎರಡರಲ್ಲಿ ಒಂದು ಕಟ್ಟಿಕೊಂಡಿದ್ದರೂ ಟ್ಯೂನಿಂಗ್ ಕೂರಲ್ಲ. ಜೆಟ್ ಹಾಕೋಕೆ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.

ಮಂಡ್ಯ ರೋಡ್‌ಕಿಂಗ್:
ಬ್ಯಾಫಲ್ ಕ್ಲೀನ್ ಆಯ್ತು, ವಿಎಂ 28 ಕೂತಿದೆ. ಈಗ ಸಿಗ್ನಲ್‌ನಲ್ಲಿ ಕೈ ಬಿಟ್ಟು ನಿಂತರೂ ಡುಗುಡುಗು ಅಂತ ನಿಂತಿರುತ್ತೆ. ಹಂಪ್ ದಾಟಿ ಎರಡನೇ ಗೇರಲ್ಲೇ ರೇಸ್ ಕೊಟ್ಟರೆ ತಡೆಯಿಲ್ಲದೆ ಎಳೆಯುತ್ತೆ. ದೊಡ್ಡಪ್ಪ ಹಿಂದೆ ಕೂತು ಶ್ರೀರಂಗಪಟ್ಟಣದವರೆಗೆ ಬಂದರು. ಪ್ಲಗ್ ಕಂದು ಬಣ್ಣ ಬಂದಿದೆ. ಇನ್ನು ಊಟಿ. ಅಷ್ಟು ಎತ್ತರಕ್ಕೆ ಜೆಟ್ ಬದಲಾಯಿಸಬೇಕಾ ಸಾರ್?

ಲೆಕ್ಕದ ಮನುಷ್ಯ:
ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್, ಊಟಿ 2240. ಅಲ್ಲಿ ಗಾಳಿ ನಮ್ಮಲ್ಲಿಗಿಂತ ಹತ್ತಿರ ಹತ್ತಿರ ಶೇ. 15 ತೆಳು. ಮಿಶ್ರಣ ಅದರ ಅರ್ಧದಷ್ಟು, ಅಂದ್ರೆ ಶೇ. 7-8 ರಿಚ್ ಆಗುತ್ತೆ. ಗಾಡಿ ಸ್ವಲ್ಪ ಮಂಕಾಗುತ್ತೆ, ಹಾಳಾಗಲ್ಲ.

ಹಳೇ ಮೆಕ್ಯಾನಿಕ್:
ಮೇನ್ ಜೆಟ್ ಮುಟ್ಟಬೇಡಿ. ಮೇಲೆ ಚಿಕ್ಕ ಜೆಟ್ ಹಾಕಿ, ಇಳಿದ ಮೇಲೆ ಮರೆತು ಗುಂಡ್ಲುಪೇಟೆ ಬಯಲಲ್ಲಿ ಬಿಸಿಲಿಗೆ ಎಳೆದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ತೀರಾ ಮಂಕಾಯ್ತು ಅನಿಸಿದರೆ ನೀಡಲ್ ಕ್ಲಿಪ್ ಒಂದು ಕಚ್ಚು ಮೇಲಕ್ಕೆ ಹಾಕಿ. ನೀಡಲ್ ಕೆಳಗಿಳಿಯುತ್ತೆ, ಅಷ್ಟು ಸಾಕು. ವಾಪಸ್ ಬರುವಾಗ ಮರೆಯದೆ ಮೊದಲಿನ ಜಾಗಕ್ಕೇ ಹಾಕಿ.

ಇಳಿಜಾರಿನ ಬಗ್ಗೆ ಇನ್ನೂ ಜಾಗ್ರತೆ ಬೇಕು. ಘಾಟಿಯಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕ್ ಮೇಲೆ ಇಳೀತಾ ಇದ್ದರೆ ಪೆಟ್ರೋಲ್ ಬರಲ್ಲ, ಪೆಟ್ರೋಲ್ ಇಲ್ಲದಿದ್ದರೆ ಆಯಿಲೂ ಇಲ್ಲ, ಪಿಸ್ಟನ್ ಮಾತ್ರ ಓಡ್ತಾನೇ ಇರುತ್ತೆ. ಪ್ರತಿ ತಿರುವಿಗೂ ಒಂದು ಸಲ ಕ್ಲಚ್ ಹಿಡಿದು ಸಣ್ಣಗೆ ರೇಸ್ ಕೊಡಿ. ರಾತ್ರಿ ಒಂಬತ್ತಕ್ಕೆ ಬಂಡೀಪುರ ಗೇಟ್ ಮುಚ್ಚುತ್ತೆ, ಬೆಳಿಗ್ಗೆ ಆರಕ್ಕೇ ತೆಗೆಯೋದು. ಲೆಕ್ಕ ಇಟ್ಟುಕೊಂಡು ಹೊರಡಿ, ಒಂದು ಸ್ಪೇರ್ ಪ್ಲಗ್ಗು, ಪ್ಲಗ್ ಸ್ಪ್ಯಾನರು ಜೇಬಲ್ಲಿರಲಿ.